‘ಪಲ್ಯ’ ಅಂತ ಬರಮಾಡಿಕೊಳ್ಳುವ ಅಂಗಡಿ: ಉಲುರು ಬುಡದ ಮರುಕು ಆರ್ಟ್ಸ್

ಒಳಗೆ ಕಾಲಿಡುತ್ತಿದ್ದ ಹಾಗೆ ಕೌಂಟರ್ ಹಿಂದೆ ನಿಂತಿದ್ದವರು ನಗುತ್ತಾ "ಪಲ್ಯ" ಅಂದರು. ಅಮ್ಮ ತಿರುಗಿ ನನ್ನ ಮುಖ ನೋಡಿದಳು. "ಪಲ್ಯ ಅಂದ್ರೇನೇ ಅವರು?" ಹೌದು, ಅದನ್ನೇ ಅಂದಿದ್ದು. ಅಲ್ಲಿನ ಮೂಲನಿವಾಸಿಗಳ ಪಿಚಂಚಚಾರ ಭಾಷೆಯಲ್ಲಿ ಪಲ್ಯ ಅಂದರೆ ಚೆನ್ನಾಗಿದೆ, ಸರಿ, ಆಯ್ತು. ಎದುರಿಗೆ ಸಿಕ್ಕಾಗಲೂ ಪಲ್ಯ, ಹೊರಡುವಾಗಲೂ ಪಲ್ಯ. ಮುಂದಿನ ಮೂರು ದಿನ ಅಮ್ಮ ಸಿಕ್ಕಿದವರಿಗೆಲ್ಲ ಪಲ್ಯ ಹೇಳಿಕೊಂಡು ಓಡಾಡಿದಳು. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ನಮ್ಮಮ್ಮನಿಗೆ ಆಸ್ಟ್ರೇಲಿಯಾದಲ್ಲಿ ಬಾಯಿ ತುಂಬಾ ಹೇಳಲು ಸಿಕ್ಕ ಮೊದಲ ಪದ ಅದು.

ನಾನು ಬರೆಯುತ್ತಿರುವುದು ಮರುಕು ಆರ್ಟ್ಸ್ ಬಗ್ಗೆ. ಆಸ್ಟ್ರೇಲಿಯಾದ ಮಧ್ಯಭಾಗದಲ್ಲಿ ಉಲುರು ಅನ್ನುವ ದೊಡ್ಡ ಕೆಂಪು ಬಂಡೆ ಇದೆಯಲ್ಲ, ಅದರ ಬುಡದಲ್ಲಿ ಇರುವ ಕಲಾಕೇಂದ್ರ ಇದು. 1984ರಲ್ಲಿ ಶುರುವಾಯಿತು. ಇದರ ಮಾಲೀಕರು ಅಲ್ಲಿನ ಮೂಲನಿವಾಸಿಗಳಾದ ಅಣಂಗು ಜನರೇ. ಲಾಭಕ್ಕೆ ನಡೆಸುವ ಕಂಪನಿ ಇದಲ್ಲ. ಸುಮಾರು 900 ಕಲಾವಿದರು, ಇಪ್ಪತ್ತಕ್ಕೂ ಜಾಸ್ತಿ ಊರುಗಳು. ಹೆಸರಿನ ಅರ್ಥ ಕೇಳಿದೆ. ಮರು ಅಂದರೆ ಕಪ್ಪು, ಕು ಅನ್ನುವುದು ಕೊನೆಗೆ ಸೇರುವ ಪ್ರತ್ಯಯ. ಮರುಕು ಅಂದರೆ ಕಪ್ಪು ಜನರದ್ದು, ಅವರಿಗೆ ಸೇರಿದ್ದು. ಕನ್ನಡದ ಕಿವಿಗೆ ‘ಮರುಕ’ ಅಂತ ಕೇಳಿಸುತ್ತೆ. ಆದರೆ ಅಯ್ಯೋ ಪಾಪ ಅಂತ ಏನನ್ನೋ ಒಂದು ಕೊಂಡುಕೊಳ್ಳುವ ಜಾಗ ಇದು ಅಂತ ಯಾರೂ ಅಂದುಕೊಳ್ಳಬೇಡಿ. ಅಲ್ಲಿ ಕೈಗೆ ತಗೊಂಡ ಒಂದೊಂದು ಸಾಮಾನೂ ನನ್ನನ್ನು ಸುಮ್ಮನಾಗಿಸಿತು.

ಇಲ್ಲಿಗೆ ಬರುವುದಕ್ಕೆ ಮೊದಲು ನಡೆದ ಒಂದು ವಿಷಯ ಹೇಳಬೇಕು. ಮೆಲ್ಬರ್ನಿಗೆ ಬಂದ ಹೊಸತರಲ್ಲಿ ಒಂದು ಸಲ ಊರಿಗೆ ಹೋಗುವಾಗ, ತಗೊಂಡು ಹೋಗೋಣ ಅಂತ ಪ್ರವಾಸಿಗರ ಅಂಗಡಿಯೊಂದರಲ್ಲಿ ಮೂರು ಬೂಮರಾಂಗ್ ಕೊಂಡಿದ್ದೆ. ಬಣ್ಣ ಬಣ್ಣದ ಚುಕ್ಕಿ, ಮಧ್ಯೆ ಒಂದು ಕಾಂಗರೂ. ನಮ್ಮ ಮಾವ ಅದನ್ನು ಕೈಗೆ ತಗೊಂಡು, ತಿರುಗಿಸಿ, ಉಗುರಿನಿಂದ ಒಂದು ಮೂಲೆ ಕೆರೆದು, "ಇದನ್ನ ಯಾರು ಮಾಡಿದ್ದಮ್ಮ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹಿಂದೆ ಅಂಟಿಸಿದ್ದ ಚೀಟಿಯಲ್ಲೂ ಇರಲಿಲ್ಲ. ಮಾವ ಚನ್ನಪಟ್ಟಣದವರು, ನಲವತ್ತು ವರ್ಷ ಗೊಂಬೆ ಕೆಲಸ ಮಾಡಿದ ಕೈ. ಬಣ್ಣ ಕಿತ್ತು ಬಂತು, ಒಳಗಿದ್ದದ್ದು ಹಗುರವಾದ ಯಾವುದೋ ಮರ. ಅವರು ಏನೂ ಹೇಳಲಿಲ್ಲ, ಮೆಲ್ಲಗೆ ಟೇಬಲ್ ಮೇಲೆ ಇಟ್ಟರು. ಅದು ನನ್ನನ್ನು ತುಂಬಾ ದಿನ ಕಾಡಿತು.

ಆಮೇಲೆ ಓದಿ ತಿಳಿದುಕೊಂಡಾಗ ಗೊತ್ತಾಯಿತು, ಮೋಸ ಹೋದವಳು ನಾನೊಬ್ಬಳೇ ಅಲ್ಲ. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜರಿಡೂ ಅನ್ನುವ ಉದ್ದ ಊದುವ ವಾದ್ಯ, ಚಿತ್ತಾರದ ಕಲ್ಲುಗಳನ್ನು ಮೂಲನಿವಾಸಿಗಳೇ ಮಾಡಿದ್ದು ಅನ್ನುವ ಹಾಗೆ ಮಾರಿದ ಒಂದು ಸಗಟು ಕಂಪನಿಗೆ 2019ರಲ್ಲಿ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತು. ಅವರು ಮಾರಿದ್ದ ವಸ್ತುಗಳು 18,000ಕ್ಕೂ ಜಾಸ್ತಿ! 2022ರಲ್ಲಿ ಪ್ರೊಡಕ್ಟಿವಿಟಿ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆ ಕೊಟ್ಟ ವರದಿ ಪ್ರಕಾರ, ಈ ಥರದ ನೆನಪಿನ ಕಾಣಿಕೆಗಳಿಗೆ ಜನ ಕೊಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಮಾಲಿಗೇ ಹೋಗುತ್ತದೆ. ಅಂದರೆ ಯಾರ ಹೆಸರು ಹೇಳಿ ಮಾರುತ್ತಾರೋ ಅವರ ಕೈಗೆ ಒಂದು ಕಾಸೂ ಸೇರುವುದಿಲ್ಲ. ಇದನ್ನೆಲ್ಲ ತಿಳಿದ ಮೇಲೆ ಮಾವನ ಪ್ರಶ್ನೆಯನ್ನೇ ಇಟ್ಟುಕೊಂಡೆ. ಯಾರು ಮಾಡಿದ್ದು? ಉತ್ತರ ಹೇಳಬಲ್ಲ ಅಂಗಡಿಯಲ್ಲಿ ಮಾತ್ರ ಕೊಳ್ಳುವುದು. ಈ ಸಲ ಅಮ್ಮ ಬಂದಾಗ ಅವಳನ್ನೂ ನನ್ನ ಒಂಬತ್ತು ವರ್ಷದ ಮಗನನ್ನೂ ಕರೆದುಕೊಂಡು ಉಲುರುವಿಗೇ ಹೋದೆ.

ದಾರಿ ಬಗ್ಗೆ ಜಾಸ್ತಿ ಹೇಳಲ್ಲ. ಯುಲಾರ ಅನ್ನುವ ಪುಟ್ಟ ಊರಿಗೆ ವಿಮಾನ ಇದೆ. ರಸ್ತೆಯಲ್ಲಾದರೆ ಆಲಿಸ್ ಸ್ಪ್ರಿಂಗ್ಸ್‌ನಿಂದ 450 ಕಿ.ಮೀ. ಹತ್ತಿರ ಹತ್ತಿರ. ನ್ಯಾಷನಲ್ ಪಾರ್ಕಿನ ಟಿಕೆಟ್ ತಗೊಂಡು ಒಳಗೆ ಹೋದರೆ ಬಂಡೆ ಸಿಗುವ ಮೊದಲು ಕಲ್ಚರಲ್ ಸೆಂಟರ್ ಬರುತ್ತೆ. ಅದರೊಳಗೇ ಮರುಕು ಅಂಗಡಿ. ಕಟ್ಟಡವನ್ನು ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ್ದಾರೆ. ಎರಡು ಹಾವು ಎದುರುಬದುರಾಗಿ ಮಲಗಿದ ಹಾಗೆ ಡೊಂಕು ಡೊಂಕು. ಒಂದು ಕುನಿಯ ಅನ್ನುವ ಹೆಬ್ಬಾವು, ಇನ್ನೊಂದು ಲಿರು ಅನ್ನುವ ವಿಷದ ಹಾವು. ಇದನ್ನು ತೆರೆದದ್ದು 1995ರಲ್ಲಿ, ಉಲುರುವನ್ನು ಅಣಂಗು ಜನಕ್ಕೆ ಮರಳಿ ಕೊಟ್ಟು ಹತ್ತು ವರ್ಷ ತುಂಬಿದ ಸಂದರ್ಭಕ್ಕೆ. ಮರಳಿ ಕೊಟ್ಟಿದ್ದು 1985ರ ಅಕ್ಟೋಬರ್ 26ಕ್ಕೆ. ಬಂಡೆ ಹತ್ತಬೇಡಿ, ಇದು ನಮಗೆ ಪವಿತ್ರ ಅಂತ ಅವರು ಕೇಳಿಕೊಳ್ಳುತ್ತಲೇ ಇದ್ದರೂ ಹತ್ತುವುದು ಪೂರ್ತಿ ನಿಂತದ್ದು 2019ರ ಅದೇ ಅಕ್ಟೋಬರ್ 26ಕ್ಕೆ. ಮೂವತ್ನಾಲ್ಕು ವರ್ಷ ಕಾದರು.

ಸೆಂಟರ್ ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಬಾಗಿಲಲ್ಲೇ ಬರೆದಿದೆ. ಮೊದಲು ಮಗನಿಗೆ ಬೇಜಾರಾಯಿತು. ಆದರೆ ಫೋನು ಬ್ಯಾಗಿಗೆ ಹೋದ ಮೇಲೆ ನಾವು ಮೂರೂ ಜನ ನಿಧಾನವಾಗಿ, ಒಂದೊಂದನ್ನೇ ನಿಂತು ನೋಡಿದೆವು. ದೇವಸ್ಥಾನದ ಗರ್ಭಗುಡಿ ಮುಂದೆ ನಾವು ಫೋನ್ ಎತ್ತುವುದಿಲ್ಲ ಅಲ್ವಾ, ಹಾಗೆ ಅಂದುಕೊಳ್ಳಿ.

ಅಂಗಡಿಗೆ ಹೋದಾಗ ಮೊದಲು ಬಂದದ್ದು ವಾಸನೆ. ಸುಟ್ಟ ಮರದ್ದು. ಅಮ್ಮ ಅಲ್ಲೇ ನಿಂತು ಒಂದು ಸಲ ಉಸಿರು ಎಳೆದುಕೊಂಡಳು. "ನಮ್ಮಪ್ಪನ ಮನೆ ವಾಸನೆ ಕಣೇ," ಅಂದಳು. ತಾತನ ಮನೆಯಲ್ಲಿ ಲೇತ್ ಮೇಲೆ ಆಲೆ ಮರ ತಿರುಗುತ್ತಿದ್ದಾಗ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತುತ್ತಿತ್ತು. ಆ ವಾಸನೆ ಬೇರೆ, ಇದು ಬೇರೆ. ಆದರೆ ಮರ ಮತ್ತು ಬಿಸಿ ಸೇರಿದರೆ ಬರುವ ಒಂದು ಘಮ ಇರುತ್ತಲ್ಲ, ಅದು ಅವಳಿಗೆ ಕೂಡಲೇ ಗೊತ್ತಾಯಿತು.

ಇಲ್ಲಿನ ಮುಖ್ಯ ಕೆಲಸ ಮರದ್ದೇ. ಪುಣು ಅನ್ನುತ್ತಾರೆ. ಪುಣು ಅಂದರೆ ಮರ, ಮರದಿಂದ ಮಾಡಿದ್ದೂ ಪುಣು. ಮರದ ಮೇಲೆ ಸುಟ್ಟು ಬರೆದ ಚಿತ್ತಾರಕ್ಕೆ ವಲ್ಕ ಅಂತ ಹೆಸರು. ಉಡ, ಹಾವು, ಹಕ್ಕಿ, ಮುಳ್ಳುಹಂದಿಯಂಥ ಎಕಿಡ್ನಾ, ಎಲ್ಲದರ ಮೈ ಮೇಲೂ ಕಪ್ಪು ಗೆರೆಗಳು. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಉಡದ ಬಾಲ ಸ್ವಲ್ಪ ಓರೆ, ಯಾಕೆಂದರೆ ಕೊಂಬೆಯೇ ಹಾಗೆ ಬೆಳೆದಿತ್ತು. ಮರ ಹೇಗಿದೆಯೋ ಪ್ರಾಣಿಯೂ ಹಾಗೆ. ಮೈ ಉಜ್ಜಿದ ಅರದ ಗುರುತು ಹೊಟ್ಟೆಯ ಕೆಳಗೆ ಬೆರಳಿಗೆ ಸಿಗುತ್ತದೆ. ಪ್ರತಿಯೊಂದಕ್ಕೂ ಮಾಡಿದವರ ಹೆಸರು, ಅವರ ಊರು, ಯಾವ ಮರ, ಎಲ್ಲ ಬರೆದ ಚೀಟಿ. ಮಾವನ ಪ್ರಶ್ನೆಗೆ ಉತ್ತರ ಇಲ್ಲಿ ದಾರ ಕಟ್ಟಿ ನೇತಾಡುತ್ತಿತ್ತು.

ನಾವು ಅಲ್ಲೇ ತುಂಬಾ ಹೊತ್ತು ನಿಂತದ್ದು ಪಿಟಿ ಅನ್ನುವ ಮರದ ಬೋಗುಣಿಗಳ ಮುಂದೆ. ಉದ್ದಕ್ಕೆ, ದೋಣಿಯ ಹಾಗೆ, ಮಧ್ಯೆ ತಗ್ಗು. ರಿವರ್ ರೆಡ್ ಗಮ್ ಅನ್ನುವ ನೀಲಗಿರಿ ಜಾತಿಯ ಮರದ ಕಾಂಡದ ಬದಿಯಿಂದಲೋ ಬೇರಿನಿಂದಲೋ ಅಷ್ಟನ್ನೇ ಕಡಿದು ತೆಗೆಯುತ್ತಾರೆ. ಮರ ಸಾಯುವುದಿಲ್ಲ, ಗಾಯದ ಗುರುತು ಇಟ್ಟುಕೊಂಡು ಬೆಳೆಯುತ್ತಲೇ ಇರುತ್ತದೆ. ಪಿಟಿಯಲ್ಲಿ ನೀರು ತರುತ್ತಿದ್ದರು, ಕಾಳು ತುಂಬುತ್ತಿದ್ದರು, ಎಳೇ ಮಗುವನ್ನು ಮಲಗಿಸುತ್ತಿದ್ದರು. ತಲೆ ಮೇಲೆ ಹೊರುತ್ತಿದ್ದರು. ಹೊರುವಾಗ ಕೆಳಗೆ ಇಟ್ಟುಕೊಳ್ಳುವ ಉಂಗುರದ ಹಾಗಿನ ಸುತ್ತು ಒಂದಿದೆ, ಕೂದಲಿನ ದಾರವೋ ಹುಲ್ಲೋ ಸುತ್ತಿ ಮಾಡಿದ್ದು. ಅದಕ್ಕೆ ಮಂಗುರಿ ಅನ್ನುತ್ತಾರೆ.

"ಸಿಂಬೆ ಕಣೇ ಇದು!" ಅಂತ ಅಮ್ಮ ಜೋರಾಗಿಯೇ ಅಂದುಬಿಟ್ಟಳು.

ಸಿಂಬೆಯೇ. ಬಾವಿಯಿಂದ ಕೊಡ ಹೊತ್ತು ಬರುವಾಗ ಹಳೇ ಸೀರೆ ಸುತ್ತಿ ತಲೆ ಮೇಲೆ ಇಟ್ಟುಕೊಳ್ಳುತ್ತಿದ್ದ ಅದೇ ಸಿಂಬೆ. ಕೌಂಟರಿನಲ್ಲಿದ್ದವರು ಏನು ಅಂತ ಕೇಳಿದರು. ಅಮ್ಮ ತನ್ನ ಸೆರಗನ್ನೇ ಸುತ್ತಿ ತಲೆ ಮೇಲೆ ಇಟ್ಟು ತೋರಿಸಿದಳು. ಅಲ್ಲೇ ಒಂದು ಪಕ್ಕ ಕೂತಿದ್ದ ಅಣಂಗು ಅಜ್ಜಿಯೊಬ್ಬರು ಇದನ್ನು ನೋಡಿ ಗಟ್ಟಿಯಾಗಿ ನಕ್ಕು, ಕೈ ಬೀಸಿ, "ಊವಾ, ಊವಾ" ಅಂದರು. ಊವಾ ಅಂದರೆ ಹೌದು. ಇಬ್ಬರಿಗೂ ಮಧ್ಯೆ ಒಂದು ಭಾಷೆಯೂ ಇರಲಿಲ್ಲ, ಬೇಕಾಗಲೂ ಇಲ್ಲ. ಆಮೇಲೆ ನಾವು ಉಲುರು ಪಕ್ಕ ಕುನಿಯ ದಾರಿಯಲ್ಲಿ ನಡೆಯುವಾಗ ಅಲ್ಲಿನ ಕಥೆ ಓದಿದೆವು. ಕುನಿಯ ಅನ್ನುವ ಹೆಬ್ಬಾವು ಹೆಂಗಸು ತನ್ನ ಮೊಟ್ಟೆಗಳನ್ನು ದೂರದಿಂದ ಹೊತ್ತು ತಂದದ್ದು ತಲೆಯ ಮೇಲೆ ಮಂಗುರಿ ಇಟ್ಟುಕೊಂಡೇ. ಅಮ್ಮನಿಗೆ ಆ ಕಥೆಯಲ್ಲಿ ಬೇರೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ವಲ್ಕ ಹೇಗೆ ಬರೆಯುತ್ತಾರೆ ಅನ್ನುವುದನ್ನೂ ನೋಡಲು ಸಿಕ್ಕಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಚಿಕ್ಕ ಬೆಂಕಿ. ಅದರಲ್ಲಿ ಮೂರು ನಾಲ್ಕು ತುಂಡು ಬೇಲಿ ತಂತಿ, ಒಂದು ತುದಿ ಕೆಂಡದಲ್ಲಿ, ಇನ್ನೊಂದು ತುದಿ ಹೊರಗೆ. ಅಮ್ಮನ ವಯಸ್ಸಿನ ಹೆಂಗಸು ನೆಲದ ಮೇಲೆ ಕಾಲು ಚಾಚಿ ಕೂತು ತೊಡೆ ಮೇಲೆ ಒಂದು ಮರದ ಹಲ್ಲಿಯನ್ನು ಇಟ್ಟುಕೊಂಡಿದ್ದರು. ಒಂದು ತಂತಿ ತೆಗೆದು ಮರಕ್ಕೆ ಒತ್ತಿದರು. ಚುಯ್ ಅಂತ ಸದ್ದು, ತೆಳ್ಳಗೆ ನೀಲಿ ಹೊಗೆ, ಒಂದು ಕಪ್ಪು ಗುಳಿ. ಪಕ್ಕದಲ್ಲಿ ಇನ್ನೊಂದು. ನಾಲ್ಕೈದು ಗುರುತು ಆಗುವಷ್ಟರಲ್ಲಿ ತಂತಿ ಆರುತ್ತೆ. ಅದನ್ನು ನೋಡದೇ ಬೆಂಕಿಗೆ ತಳ್ಳಿ ಇನ್ನೊಂದನ್ನು ಎತ್ತುತ್ತಾರೆ. ಯಾವುದು ಕಾದಿದೆ ಅಂತ ಕೈಗೇ ಗೊತ್ತು. ಪೆನ್ಸಿಲ್ ಗುರುತು ಇಲ್ಲ, ಅಳತೆ ಇಲ್ಲ. ಒಂದು ಸಲ ಸುಟ್ಟರೆ ಮುಗಿಯಿತು, ಅಳಿಸೋಕಾಗಲ್ಲ. ನಾವು ಇಪ್ಪತ್ತು ನಿಮಿಷ ನಿಂತಿದ್ದೆವು. ಒಂದೇ ಒಂದು ಗೆರೆ ತಪ್ಪಲಿಲ್ಲ. ಅಮ್ಮ ಮಧ್ಯದಲ್ಲಿ ಒಂದು ಸಲ ನನ್ನ ಕೈ ಹಿಡಿದು, "ಅಪ್ಪನೂ ಹೀಗೇ, ಲೇತ್ ಕಡೆ ನೋಡ್ತಾನೇ ಇರಲಿಲ್ಲ," ಅಂದಳು.

ಇನ್ನೊಂದು ವಸ್ತು ಮಿರು. ಈಟಿ ಎಸೆಯುವ ಹಲಗೆ ಅದು. ಉದ್ದ ಎಲೆಯ ಆಕಾರ, ಸ್ವಲ್ಪ ಬಾಗಿದೆ, ಮುಲ್ಗಾ ಅನ್ನುವ ಗಟ್ಟಿ ಮರದ್ದು. ಅದರ ಒಂದು ತುದಿಗೆ ಈಟಿಯ ಹಿಂಭಾಗ ಸಿಕ್ಕಿಸಿ ಬೀಸಿದರೆ ತೋಳು ಅಷ್ಟು ಉದ್ದ ಆದ ಹಾಗೆ, ಈಟಿ ದೂರ ಹೋಗುತ್ತದೆ. ಹಿಡಿಯ ತುದಿಯಲ್ಲಿ ಒಂದು ಚೂಪು ಕಲ್ಲಿನ ಚೂರು ಅಂಟಿಸಿರುತ್ತಾರೆ, ಮಾಂಸ ಕೊಯ್ಯಲು, ಮರ ಕೆತ್ತಲು. ತಗ್ಗಿನಲ್ಲಿ ಬಣ್ಣವನ್ನೋ ಇನ್ನೇನನ್ನೋ ಕಲಸಬಹುದು. ಅಂಚನ್ನು ಒಣ ಮರದ ಮೇಲೆ ಗರಗರ ಉಜ್ಜಿ ಬೆಂಕಿಯನ್ನೂ ಮಾಡುತ್ತಾರೆ. ಒಂದೇ ಸಾಮಾನು, ನಾಲ್ಕು ಕೆಲಸ. ಆ ಕಲ್ಲನ್ನು ಹಿಡಿದಿರುವ ಅಂಟಿಗೆ ಕಿಟಿ ಅಂತ ಹೆಸರು. ಸ್ಪಿನಿಫೆಕ್ಸ್ ಅನ್ನುವ ಮುಳ್ಳು ಹುಲ್ಲಿನಿಂದಲೋ ಮುಲ್ಗಾದಿಂದಲೋ ತೆಗೆದ ರಾಳ. ಕಾಯಿಸಿದರೆ ಮೆತ್ತಗೆ, ಆರಿದರೆ ಕಲ್ಲು. ನಮ್ಮ ಅರಗಿನ ಹಾಗೇ.

ಬೂಮರಾಂಗ್ ಅಂತೂ ಕೇಳಲೇಬೇಕಲ್ಲ. ಅವರ ಮಾತಿನಲ್ಲಿ ಕಳಿ. ಮಗ ಒಂದನ್ನು ಎತ್ತಿಕೊಂಡು, "ಎಸೆದರೆ ವಾಪಸ್ ಬರುತ್ತಾ?" ಅಂತ ಕೇಳಿದ. ಬರೋದಿಲ್ಲ. ಈ ಮರುಭೂಮಿ ಕಡೆಯ ಬೂಮರಾಂಗ್ ಬೇಟೆಯದ್ದು. ಗುರಿಗೆ ಹೊಡೆಯಬೇಕು, ಬೀಳಬೇಕು. ಎರಡನ್ನು ಒಂದಕ್ಕೊಂದು ತಟ್ಟಿ ಹಾಡಿಗೆ ತಾಳವನ್ನೂ ಹಾಕುತ್ತಾರೆ. ನಾನು ಅಂದು ಊರಿಗೆ ಒಯ್ದಿದ್ದ ಡಬ್ಬದ ಮೇಲೆ ‘ವಾಪಸ್ ಬರುತ್ತದೆ’ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು. ಈಗ ಕೈಯಲ್ಲಿ ಹಿಡಿದದ್ದು ಭಾರವಾಗಿತ್ತು, ಮುಲ್ಗಾದ್ದು, ಒಳಗೆ ಗಾಢ ಕಂದು, ಅಂಚಿನಲ್ಲಿ ಅರಿಶಿನ ಹಳದಿ. ಬಣ್ಣ ಹಚ್ಚಿದ್ದಲ್ಲ, ಮರವೇ ಹಾಗೆ. ಇನ್ನು ಇನಿಂಟಿ ಬೀಜದ ಸರಗಳು. ಕೆಂಪು ಬೀಜ, ಕಪ್ಪು ಚುಕ್ಕೆ ಇಲ್ಲದ ದೊಡ್ಡ ಗುಲಗಂಜಿ ಥರ. ನಮ್ಮ ಹಾಲುವಾಣದ ಜಾತಿಯದೇ ಮರ ಅದು. ಚಿಕ್ಕ ಬಜೆಟ್ ಇರುವವರಿಗೆ ಇದು ಒಳ್ಳೆಯದು.

ಭಾಷೆ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲ್ಲ. ಸೆಂಟರಿನ ಬೋರ್ಡುಗಳಲ್ಲಿ ಅಣಂಗು, ಉಲುರು ಇಂಥ ಪದಗಳಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳ ಕೆಳಗೆ ಗೆರೆ ಎಳೆದಿರುತ್ತಾರೆ. ಯಾಕೆ ಅಂತ ಕೇಳಿದೆ. ಅಲ್ಲಿ ನಾಲಿಗೆ ಹಿಂದಕ್ಕೆ ಮಡಚಬೇಕಂತೆ. ಅಂದರೆ ನಮ್ಮ ಣ, ಳ, ಟ! ಇಂಗ್ಲಿಷ್ ಮಾತಾಡುವವರು ‘ಅನಾಂಗು’ ಅಂತ ಒದ್ದಾಡುವುದನ್ನು ಅಮ್ಮ ಮೊದಲ ಸಲಕ್ಕೇ ಸರಿಯಾಗಿ ಹೇಳಿದಳು. ಅದಕ್ಕಿಂತ ಖುಷಿ ಕೊಟ್ಟದ್ದು ಙ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಕೂಗಿದ್ದೇವೆ, ಆಮೇಲೆ ಅದರಿಂದ ಶುರುವಾಗುವ ಒಂದು ಪದವನ್ನೂ ಬರೆದಿಲ್ಲ ಅಲ್ವಾ? ಇಲ್ಲಿ ನಾನು ಅನ್ನಲು ಙಯುಲು. ಮನೆ, ಊರು ಅನ್ನಲು ಙುರ. ದೊಡ್ಡ ಉಡಕ್ಕೆ ಙಿಂಟಕ. ‘ನಾನು’ ಅಂತ ಹೇಳಿಕೊಳ್ಳುವುದೇ ಙ ಇಂದ. ನಮ್ಮ ಲಿಪಿಯಲ್ಲಿ ಸುಮ್ನೆ ಕೂತಿದ್ದ ಅಕ್ಷರಕ್ಕೆ ಅಲ್ಲೊಂದು ಇಡೀ ಊರೇ ಇದೆ. ಮಗ ಹೋಟೆಲ್ ಕಾಗದದ ಮೇಲೆ ಕನ್ನಡದಲ್ಲಿ ‘ಙುರ’ ಅಂತ ಬರೆದು ಇಟ್ಟುಕೊಂಡ. ಅವನಿಗೆ ಕನ್ನಡ ಬರೆಯಲು ಕೂರಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಎರಡನೇ ದಿನ ಯುಲಾರದ ಟೌನ್ ಸ್ಕ್ವೇರ್‌ನಲ್ಲಿ ಮರುಕು ನಡೆಸುವ ಚುಕ್ಕಿ ಚಿತ್ರದ ತರಗತಿಗೆ ಕೂತೆವು. ಮೊದಲೇ ಬುಕ್ ಮಾಡಬೇಕು. ಒಬ್ಬ ಅಣಂಗು ಕಲಾವಿದೆ, ಪಕ್ಕದಲ್ಲಿ ಅವರ ಮಾತನ್ನು ಇಂಗ್ಲಿಷಿಗೆ ಹೇಳುವವರು ಒಬ್ಬರು. ಬ್ರಷ್ ಕೊಡುವ ಮೊದಲು ಆಕೆ ಕೆಂಪು ಮರಳನ್ನು ಅಂಗೈಯಿಂದ ಸವರಿ ಸಮ ಮಾಡಿದರು. ಬೆರಳಿನಲ್ಲಿ ಒಂದು ಯು ಆಕಾರ. ಅದು ಕೂತಿರುವ ಮನುಷ್ಯ, ಯಾಕೆಂದರೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಮರಳಿನಲ್ಲಿ ಉಳಿಯುವ ಗುರುತು ಹಾಗೇ ಇರುತ್ತದೆ. ಪಕ್ಕದಲ್ಲಿ ಒಂದು ಕೋಲು, ಒಂದು ಬೋಗುಣಿ ಬರೆದರೆ ಹೆಂಗಸು. ಈಟಿ ಬರೆದರೆ ಗಂಡಸು. ಒಂದರೊಳಗೊಂದು ವೃತ್ತ ಬರೆದರೆ ನೀರಿನ ಗುಂಡಿ ಅಥವಾ ಜನ ಸೇರುವ ಜಾಗ. ಮೂರು ಬೆರಳು ಒತ್ತಿ ಎಮು ಹಕ್ಕಿಯ ಹೆಜ್ಜೆ. ಹೇಳುತ್ತಾ ಬರೆಯುತ್ತಾರೆ, ಬರೆಯುತ್ತಾ ಕೋಲಿನಿಂದ ನೆಲ ತಟ್ಟುತ್ತಾರೆ. ಕಥೆ ಮುಗಿದ ಕೂಡಲೇ ಅಂಗೈಯಿಂದ ಎಲ್ಲ ಅಳಿಸಿ ಮತ್ತೆ ಖಾಲಿ ಮರಳು. ಅಲ್ಲಿನ ಹೆಣ್ಣುಮಕ್ಕಳು ಚಿಕ್ಕಂದಿನಿಂದ ಹೀಗೇ ಕಥೆ ಹೇಳಿಕೊಂಡು ಬೆಳೆಯುತ್ತಾರೆ.

ಆಮೇಲೆ ನಮಗೆ ಕ್ಯಾನ್ವಾಸ್, ಬಣ್ಣ, ಚುಕ್ಕಿ ಇಡಲು ಕಡ್ಡಿ. ಒಂದೇ ಷರತ್ತು, ನಿಮ್ಮ ಕಥೆಯನ್ನೇ ಬರೆಯಿರಿ, ನಮ್ಮ ಚುಕುರ್ಪವನ್ನು ನಕಲು ಮಾಡಬೇಡಿ. ಚುಕುರ್ಪ ಅಂದರೆ ಅವರ ಧರ್ಮ, ಕಾನೂನು, ಪುರಾಣ, ನೆಲದ ನಕ್ಷೆ ಎಲ್ಲ ಸೇರಿದ್ದು. ಯಾವ ಕಥೆಯನ್ನು ಯಾರು ಹೇಳಬಹುದು, ಯಾರು ಬರೆಯಬಹುದು ಅನ್ನುವುದಕ್ಕೆ ಕಟ್ಟುನಿಟ್ಟು ಇದೆ. ಸೊಂಟದ ಮೇಲೆ ಕೈ ಇಟ್ಟು ಇದೆಲ್ಲ ಕೇಳುತ್ತಿದ್ದ ಅಮ್ಮ ಕೂತು ಏಳು ಚುಕ್ಕಿಯಿಂದ ಒಂದು ಚುಕ್ಕಿಗೆ ಇಳಿಯುವ ರಂಗೋಲಿಯ ಚುಕ್ಕಿ ಇಟ್ಟಳು, ಅಳತೆ ಹಿಡಿದ ಹಾಗೆ. ಕಲಾವಿದೆ ಬಂದು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಕಡ್ಡಿ ತಗೊಂಡು ಚುಕ್ಕಿಗಳ ಮಧ್ಯೆ ಖಾಲಿ ಇದ್ದ ಜಾಗ ತೋರಿಸಿದರು. ಅಲ್ಲಿಯೂ ತುಂಬಬೇಕು. ನಮ್ಮಲ್ಲಿ ಚುಕ್ಕಿ ಇಟ್ಟು ಗೆರೆಯಿಂದ ಸುತ್ತುತ್ತೇವೆ. ಅವರಲ್ಲಿ ಗೆರೆ ಎಳೆದು ಚುಕ್ಕಿಯಿಂದ ನೆಲ ತುಂಬುತ್ತಾರೆ. ಕೊನೆಗೆ ಅಮ್ಮ ಬರೆದದ್ದು ಚನ್ನಪಟ್ಟಣದ ಬಾವಿ, ಸುತ್ತ ಕೂತ ಐದು ಯು, ಪಕ್ಕದಲ್ಲಿ ಸಿಂಬೆ. ತರಗತಿಯಲ್ಲಿ ಎಲ್ಲರಿಗಿಂತ ಕೊನೆಗೆ ಎದ್ದವಳು ಅವಳೇ.

ಅಂದ ಹಾಗೆ, ಕ್ಯಾನ್ವಾಸಿನ ಈ ಚುಕ್ಕಿ ಚಿತ್ರಕ್ಕೆ ವಯಸ್ಸು ತುಂಬಾ ಇಲ್ಲ. ಮರಳಿನ ಮೇಲೆ, ಮೈ ಮೇಲೆ, ಬಂಡೆಯ ಮೇಲೆ ಬರೆಯುವುದು ಬಹಳ ಹಳೆಯದು. ಹಲಗೆಗೆ, ಬಟ್ಟೆಗೆ ಬಂದದ್ದು 1971ರಲ್ಲಿ ಪಪುನ್ಯ ಅನ್ನುವ ಊರಿನಲ್ಲಿ. ಶಾಲೆಯ ಗೋಡೆ ಮೇಲೆ ಹಿರಿಯರು ಜೇನಿರುವೆಯ ಚಿತ್ರ ಬರೆದರು, ಮರುವರ್ಷ ಪಪುನ್ಯ ಟುಲ ಅನ್ನುವ ಕಲಾವಿದರದ್ದೇ ಕಂಪನಿ ಹುಟ್ಟಿತು. ಅಲ್ಲಿನ ಕ್ಲಿಫರ್ಡ್ ಪೊಸಮ್ ಅವರ ಒಂದು ದೊಡ್ಡ ಚಿತ್ರ 1977ರಲ್ಲಿ 1,200 ಡಾಲರಿಗೆ ಹೋಗಿತ್ತು. ಅದೇ ಚಿತ್ರ 2007ರಲ್ಲಿ 24 ಲಕ್ಷ ಡಾಲರಿಗೆ ಮಾರಾಟವಾಯಿತು. ಆಗ ಅವರೇ ಬದುಕಿರಲಿಲ್ಲ. ಈಗ ಕಾನೂನು ಇದೆ, 2010ರಿಂದ. ಸಾವಿರ ಡಾಲರಿಗೆ ಮೇಲ್ಪಟ್ಟು ಚಿತ್ರ ಮತ್ತೆ ಮಾರಾಟವಾದರೆ ಶೇ. 5ರಷ್ಟು ಕಲಾವಿದರಿಗೋ ಅವರ ಮನೆಯವರಿಗೋ ಹೋಗಬೇಕು.

ಮರುಕು ಅಂಥ ಕೇಂದ್ರ ಯಾಕೆ ಬೇಕು ಅನ್ನುವುದು ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಎರಡು ರಾಜ್ಯ ಮತ್ತು ನಾರ್ದರ್ನ್ ಟೆರಿಟರಿ ಸೇರುವ ಈ ಗಡಿ ಸೀಮೆ ಸುಮಾರು 3,50,000 ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕ 1,91,791. ಅಷ್ಟು ದೊಡ್ಡ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ಊರು, ಮಣ್ಣಿನ ರಸ್ತೆ, ಮಳೆ ಬಂದರೆ ಅದೂ ಮುಚ್ಚುತ್ತೆ. ಅಲ್ಲಿ ಕೂತು ಒಬ್ಬ ಅಜ್ಜಿ ಕೆತ್ತಿದ ಉಡವನ್ನು ಯಾರು ಬಂದು ಕೊಳ್ಳುತ್ತಾರೆ? ಮರುಕುವಿನವರು ಗಾಡಿ ತಗೊಂಡು ಆ ಊರುಗಳಿಗೆ ಹೋಗಿ ಕೊಂಡು ತರುತ್ತಾರೆ. ಉಲುರು ಪಕ್ಕದ ಮುಟಿಜುಲು ಎಂಬ ಊರಿನಲ್ಲಿ ಅದನ್ನೆಲ್ಲ ಇಡುವ ಗೋದಾಮು ಇದೆ. ಅದು ಜನ ವಾಸಿಸುವ ಊರು, ಪರವಾನಗಿ ಇಲ್ಲದೆ ನಾವು ಹೋಗುವ ಹಾಗಿಲ್ಲ. ನೂರಾರು ಕಿಲೋಮೀಟರ್ ಸುತ್ತಮುತ್ತ ಬೇರೆ ಸಂಪಾದನೆಯೇ ಕಡಿಮೆ ಇರುವ ಕಡೆ, ತಮ್ಮ ಊರು ಬಿಡದೆ, ಮಕ್ಕಳಿಗೆ ಮರ ಗುರುತಿಸುವುದನ್ನು ಕಲಿಸುತ್ತಾ ದುಡಿಯಲು ಇದೊಂದು ದಾರಿ. ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಬಂದಿದೆ, ಆದರೂ ಹೈವೇ ಪಕ್ಕ ನಿಂತು ಕೊಂಡ ಗೊಂಬೆಯನ್ನು ಯಾರು ಮಾಡಿದ್ದು ಅಂತ ಎಷ್ಟು ಜನಕ್ಕೆ ಗೊತ್ತಿರುತ್ತೆ? ನಮ್ಮ ಗೊಂಬೆ ಕುದುರೆಗೂ ಹೀಗೊಂದು ಚೀಟಿ, ಒಂದು ಹೆಸರು ಇರಬಾರದಾ ಅಂತ ಅಲ್ಲಿದ್ದಷ್ಟೂ ಹೊತ್ತು ಅನ್ನಿಸುತ್ತಿತ್ತು.

ಬೆಲೆ ವಿಷಯ. ಅಗ್ಗ ಅಲ್ಲ. ಬೀಜದ ಸರ, ಅಂಗೈಯಷ್ಟು ಪ್ರಾಣಿಗಳು ಎಲ್ಲರ ಕೈಗೂ ಎಟುಕುತ್ತವೆ. ದೊಡ್ಡ ಪಿಟಿ, ಚಿತ್ರಗಳು ನೂರಾರು ಡಾಲರ್, ಕೆಲವು ಅದಕ್ಕೂ ಮೇಲೆ. ಚೌಕಾಸಿ ಮಾಡಲು ಹೋಗಬೇಡಿ, ದಯವಿಟ್ಟು. ಒಂದು ಪಿಟಿಗೆ ಸರಿಯಾದ ಮರ ಹುಡುಕುವುದಕ್ಕೇ ಎಷ್ಟು ಅಲೆಯಬೇಕು, ಕೊಡಲಿಯಿಂದ ಕಡಿದು ಅರದಿಂದ ಉಜ್ಜಿ ಆ ನುಣುಪು ತರಲು ಎಷ್ಟು ದಿನ ಬೇಕು ಅಂತ ಮರದ ಕೆಲಸ ಕಂಡ ಯಾರಿಗಾದರೂ ಗೊತ್ತಾಗುತ್ತದೆ. ನಾವು ಕೊಂಡದ್ದು ಒಂದು ಮಧ್ಯಮ ಪಿಟಿ, ಒಂದು ಙಿಂಟಕ, ಎರಡು ಸರ, ಮಾವನಿಗೆ ಒಂದು ಕಳಿ. ಚೀಟಿಗಳನ್ನು ಬಿಚ್ಚಿ ಬಿಸಾಡಬೇಡಿ, ಅದು ವಸ್ತುವಿನ ಜೊತೆಯೇ ಇರಬೇಕು.

ಹೋಗುವವರು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನೊಣ ತುಂಬಾ, ಮುಖಕ್ಕೆ ಹಾಕುವ ಬಲೆ ಇರಲಿ. ಬಂಡೆ ಸುತ್ತ ಕೆಲವು ಕಡೆ ಫೋಟೊ ಬೇಡ ಅಂತ ಬೋರ್ಡ್ ಇರುತ್ತೆ, ಕೇಳಿ. ಜನರ ಫೋಟೊ ಅಂತೂ ಒಪ್ಪಿಗೆ ಇಲ್ಲದೆ ಬೇಡವೇ ಬೇಡ. ಅದೇ ಸೆಂಟರಿನಲ್ಲಿ ವಲ್ಕಚಾರ ಅನ್ನುವ ಇನ್ನೊಂದು ಕೇಂದ್ರ ಇದೆ, ಮುಟಿಜುಲು ಊರಿನವರದು, ಅಲ್ಲಿ ಚಿತ್ರಗಳು ಜಾಸ್ತಿ. ಈ ಸೀಮೆಯ ಹೆಂಗಸರು ಹುಲ್ಲಿನಿಂದ ಬುಟ್ಟಿ, ಪ್ರಾಣಿ ಹೆಣೆಯುವ ಚಂಪಿ ಅನ್ನುವ ಗುಂಪನ್ನೂ ಕೇಳಿ ನೋಡಿ. 2005ರಲ್ಲಿ ಅವರು ಹುಲ್ಲಿನಲ್ಲೇ ಒಂದು ಟೊಯೊಟಾ ಗಾಡಿ ಹೆಣೆದು ದೇಶದ ದೊಡ್ಡ ಮೂಲನಿವಾಸಿ ಕಲಾ ಪ್ರಶಸ್ತಿ ಗೆದ್ದರು! ಅರ್ಧ ದಿನದಲ್ಲಿ ಮುಗಿಸುತ್ತೇವೆ ಅನ್ನಬೇಡಿ. ನಮಗೆ ಎರಡು ದಿನ ಸಾಲಲಿಲ್ಲ.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯಿತು. ಕಳಿಯನ್ನು ಮಾವನ ಕೈಗೆ ಕೊಟ್ಟಾಗ ನಾನು ವಿಡಿಯೊ ಕಾಲ್‌ನಲ್ಲಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೊದಲು ತೂಕ ನೋಡಿದರು, ಆಮೇಲೆ ಅಂಚಿನ ಹಳದಿ ಮೇಲೆ ಉಗುರು ಎಳೆದರು. ಏನೂ ಕಿತ್ತು ಬರಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು ಅಲ್ಲಿದ್ದ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದರು. "ಮರ ಗೊತ್ತಿರೋ ಮನುಷ್ಯ," ಅಂದರು. ಆಮೇಲೆ ಅದನ್ನು ಮಾಡಿದವರಿಗೆ ವಯಸ್ಸೆಷ್ಟು, ಇನ್ನೂ ಕೆಲಸ ಮಾಡ್ತಾರಾ, ಕೊಡಲಿ ಯಾವ ಥರದ್ದು ಅಂತ ಕೇಳುತ್ತಲೇ ಹೋದರು. ಮುಂದಿನ ಜುಲೈಗೆ ಟಿಕೆಟ್ ಎಷ್ಟಾಗುತ್ತೆ ಅಂತ ನೋಡುತ್ತಿದ್ದೇನೆ, ಮಾವನಿಗೂ ಸೇರಿಸಿ.